ಯೋಚನೆ ಮಾಡಿ ಬರ್ತೀವಿ

ಜೂನ್ ೧೪

ಅಪ್ಪಾ,

ಈ ಪತ್ರವನ್ನು ನೀನು ಅಂಗಡಿಯಲ್ಲಿ, ಯಾವುದೋ ಹಾಸಿಗೆಯ ಅಂಚಿನಲ್ಲಿ ಕೂತು ಓದುತ್ತಿದ್ದೀಯ ಎಂದುಕೊಂಡಿದ್ದೇನೆ. ಮನೆಯ ವಿಳಾಸಕ್ಕೆ ಬರೆದರೆ ಅಮ್ಮ ಮೊದಲು ಒಡೆದು ನೋಡುತ್ತಾಳೆ. ಫೋನ್ ಮಾಡಿದರೆ ಸ್ಪೀಕರ್ ಹಾಕಿ ಪಕ್ಕದಲ್ಲೇ ನಿಲ್ಲುತ್ತಾಳೆ. "ಅಪ್ಪ, ಹೇಗಿದ್ದೀಯ?" ಎಂದು ನಾನು ಕೇಳಿದರೆ "ಚೆನ್ನಾಗಿದ್ದಾರೆ, ಮುಂದೆ ಹೇಳು" ಎಂದು ಅವಳೇ ಉತ್ತರ ಕೊಡುತ್ತಾಳೆ. ಹಾಗಾಗಿ ಇನ್ನು ಮೇಲೆ ನಿನಗೆ ಬರೆಯುವುದೆಲ್ಲ ಅಂಗಡಿಯ ವಿಳಾಸಕ್ಕೇ.

ಹಾಸ್ಟೆಲ್ಲಿನ ಕೋಣೆ ಚೆನ್ನಾಗಿದೆ. ಎರಡು ಮಂಚ, ಎರಡು ಮೇಜು, ಒಂದು ಕಿಟಕಿ. ಹಾಸಿಗೆ ಮಾತ್ರ ನೀನು ನೋಡಿದರೆ ಅತ್ತುಬಿಡುತ್ತೀಯ. ಅದರ ಒಳಗೆ ಹತ್ತಿಯಿದೆಯೋ ಇಟ್ಟಿಗೆಯಿದೆಯೋ ತಿಳಿಯುವುದಿಲ್ಲ. ಜೊತೆಯಲ್ಲಿರುವವಳು ಹಲ್ಲಿನ ಡಾಕ್ಟರಿಕೆ ಓದುತ್ತಿದ್ದಾಳೆ. ಅದಕ್ಕೆ ಅವಳನ್ನು ಎಲ್ಲರೂ ಡಾಕ್ಟರಮ್ಮ ಎಂದೇ ಕರೆಯುವುದು. ಊರಿನವರ ಬಾಯಿಯನ್ನೆಲ್ಲ ತೆರೆಸುತ್ತಾಳೆ, ತನ್ನ ಬಾಯಿ ಮಾತ್ರ ತೆರೆಯುವುದಿಲ್ಲ.

ಕಾನೂನಿನ ಪುಸ್ತಕಗಳ ಅಕ್ಷರ ಸಾಸಿವೆ ಕಾಳಿನಷ್ಟಿದೆ. ಅದಕ್ಕೆಂದು ಒಂದು ಓದುವ ದೀಪ ಕೊಂಡೆ. ನಿಜ ಹೇಳಬೇಕೆಂದರೆ ಮೂರು. ಮೂರು ಕೊಂಡರೆ ನಾಲ್ಕನೆಯದು ಪುಕ್ಕಟೆ ಎಂದರು, ಹಾಗಾಗಿ ನಾಲ್ಕು. ನಾಲ್ಕನ್ನೂ ಒಟ್ಟಿಗೆ ಹಚ್ಚಿದ ದಿನ ಡಾಕ್ಟರಮ್ಮ ಎದ್ದು ಪೆಟ್ಟಿಗೆಯಿಂದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡಳು.

ಪರೀಕ್ಷೆಯ ಶುಲ್ಕ ಕಟ್ಟಲು ಅಕ್ಟೋಬರ್ ಕೊನೆಯವರೆಗೂ ಸಮಯವಿದೆ. ಆದರೂ ನೀನು ಈಗಲೇ ಕಳಿಸಿದರೆ ಈಗಲೇ ಕಟ್ಟಿಬಿಡುತ್ತೇನೆ. ಬೇಗ ಕಟ್ಟಿದರೆ ಮನಸ್ಸು ಹಗುರ. ದೀಪದ ವಿಷಯ ಅಮ್ಮನಿಗೆ ಹೇಳಬೇಡ.

ನಿನ್ನ ಪೋರಿ

ಜೂನ್ ೨೩

ಪೋರಿ,

ನಿನ್ನ ಪತ್ರ ಬಂದಾಗ ನಾನು ಒಬ್ಬ ಗ್ರಾಹಕರನ್ನು ಎಬ್ಬಿಸುತ್ತಿದ್ದೆ. "ಸುಮ್ನೆ ಮಲಗಿ ನೋಡ್ತೀನಿ" ಎಂದು ಮಲಗಿದವರು ಗೊರಕೆಗೆ ಇಳಿದುಬಿಟ್ಟಿದ್ದರು. ಎಬ್ಬಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಕೆಮ್ಮಬೇಕು, ಆಮೇಲೆ ಬಿಲ್ ಪುಸ್ತಕ ಕೆಳಗೆ ಬೀಳಿಸಬೇಕು, ಅದಕ್ಕೂ ಏಳದಿದ್ದರೆ "ಮೇಡಂ ಬಂದ್ರು" ಎನ್ನಬೇಕು. ಮೂರನೆಯದಕ್ಕೆ ಏಳದ ಗಂಡಸನ್ನು ನಾನು ಇನ್ನೂ ನೋಡಿಲ್ಲ.

ನಾಲ್ಕು ದೀಪ ಎಂದು ಓದಿ ನನಗೆ ಎದೆ ತುಂಬಿ ಬಂತು. ಒಂದು ದೀಪದಲ್ಲಿ ಓದುವ ಮಕ್ಕಳೇ ಈಗ ಅಪರೂಪ. ಪಕ್ಕದ ಮಿಕ್ಸಿ ರಿಪೇರಿಯವರಿಗೆ ಹೇಳಿದೆ. "ನಿಮ್ಮ ಮಗಳು ಜಡ್ಜ್ ಆಗ್ತಾಳೆ ಬಿಡಿ" ಎಂದರು.

ಅಂಗಡಿಯಲ್ಲಿ ಹೊಸ ವಿಷಯವೆಂದರೆ, ಚಿಕ್ಕ ಯಜಮಾನರು ಓದು ಮುಗಿಸಿ ಬಂದು ಗಲ್ಲಾದ ಮೇಲಿನ ಗೋಡೆಗೆ ಒಂದು ಹಲಗೆ ಹೊಡೆಸಿದ್ದಾರೆ. ಯಾರು ಹೆಚ್ಚು ಮಾರಿದರು ಎಂದು ಮೇಲಿನಿಂದ ಕೆಳಕ್ಕೆ ಹೆಸರು ಬರೆಯುತ್ತಾರೆ. ನನ್ನ ವಿಷಯ ಕೇಳಬೇಡ, ಮೇಲಕ್ಕೆ ನೋಡಿ ನೋಡಿ ಕುತ್ತಿಗೆ ನೋವು ಬಂದಿದೆ!

ಶುಲ್ಕ ಕಳಿಸಿದ್ದೇನೆ. ಇವತ್ತೇ ಕಟ್ಟಿ ಹಗುರವಾಗು. ಅಮ್ಮನಿಗೆ ಹೇಳಿಲ್ಲ.

ಅಪ್ಪ

ಜುಲೈ ೯

ಅಪ್ಪಾ,

ದುಡ್ಡು ತಲುಪಿತು. ಕಚೇರಿಯಲ್ಲಿ ತುಂಬ ಸಾಲು ಇರುತ್ತದೆ. ಸಾಲು ಕರಗಿದ ಮೇಲೆ ಕಟ್ಟುತ್ತೇನೆ.

ಈ ನಡುವೆ ಒಂದು ಜೊತೆ ಶೂ ಕೊಂಡೆ. ಅಂಗಡಿಯಲ್ಲಿದ್ದವರು ವಯಸ್ಸಾದವರು, ಮಂಡಿ ಹಿಡಿದುಕೊಂಡೇ ಏಣಿ ಹತ್ತುತ್ತಿದ್ದರು. ನನ್ನ ಅಳತೆಯದು ಸಿಗಲಿಲ್ಲ. ಒಂದಾದ ಮೇಲೆ ಒಂದು ಡಬ್ಬಿ ಇಳಿಸಿದರು. ನನ್ನ ಸುತ್ತ ಡಬ್ಬಿಗಳ ಗೋಡೆ ಎದ್ದಿತು, ಆ ಗೋಡೆಯಾಚೆ ಅವರು ಏದುಸಿರು ಬಿಡುತ್ತಾ ನಿಂತಿದ್ದರು. ಬರಿಗೈಯಲ್ಲಿ ಎದ್ದು ಬರುವುದು ಹೇಗೆ, ನೀನೇ ಹೇಳು. ಸ್ವಲ್ಪ ಬಿಗಿ ಇದ್ದದ್ದನ್ನು ತೆಗೆದುಕೊಂಡೆ.

ಕೋಣೆಗೆ ಬಂದಾಗ ಡಾಕ್ಟರಮ್ಮ ಒಮ್ಮೆ ಶೂ ನೋಡಿದಳು, ಒಮ್ಮೆ ನನ್ನ ಪಾದ ನೋಡಿದಳು.

"ಇದು ಯಾರಿಗೆ?"

"ನನಗೇ. ಹಾಕ್ತಾ ಹಾಕ್ತಾ ಸರಿಹೋಗುತ್ತೆ ಅಂದ್ರು."

"ಏನು ಸರಿಹೋಗುತ್ತೆ? ಶೂ ದೊಡ್ಡದಾಗುತ್ತಾ, ಕಾಲು ಚಿಕ್ಕದಾಗುತ್ತಾ?"

ಒಂದು ತಿಂಗಳಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಇದು.

ಮತ್ತೆ ವ್ಯಾಯಾಮ ಶಾಲೆಗೂ ಸೇರಿದ್ದೇನೆ, ಒಂದು ವರ್ಷಕ್ಕೆ. ನಾನು ಹೋಗಿದ್ದು ಜೆರಾಕ್ಸ್ ಅಂಗಡಿ ಎಲ್ಲಿ ಎಂದು ಕೇಳಲು. ಆದರೆ ಮೇಜಿನ ಹಿಂದಿದ್ದ ಅಕ್ಕ ಎಷ್ಟು ಖುಷಿಯಿಂದ ಎದ್ದು ನಿಂತರೆಂದರೆ, ದಾರಿ ಕೇಳಲು ಬಂದೆ ಎನ್ನಲು ಬಾಯಿ ಬರಲಿಲ್ಲ. ಇನ್ನೂ ಒಂದು ದಿನವೂ ವ್ಯಾಯಾಮಕ್ಕೆ ಹೋಗಿಲ್ಲ. ಜೆರಾಕ್ಸ್ ಅಂಗಡಿಯೂ ಸಿಕ್ಕಿಲ್ಲ.

ಇಲ್ಲಿನ ಅಂಗಡಿಯವರು ಬಹಳ ಜಾಣರಪ್ಪ. ಅವರ ಕೈಯಿಂದ ತಪ್ಪಿಸಿಕೊಳ್ಳುವುದು ಹೇಗೆ? ನಿನಗೆ ಗೊತ್ತಿರಬೇಕಲ್ಲ.

ನಿನ್ನ ಪೋರಿ

ಜುಲೈ ೧೮

ಪೋರಿ,

ಕಳ್ಳನ ಹತ್ತಿರವೇ ಬೀಗದ ವಿಷಯ ಕೇಳಿದ್ದೀಯ, ಒಳ್ಳೆಯದಾಯಿತು. ಚಿಕ್ಕ ಯಜಮಾನರು ಊಟಕ್ಕೆ ಹೋಗಿದ್ದಾರೆ, ಅಷ್ಟರಲ್ಲಿ ಬರೆದು ಮುಗಿಸುತ್ತೇನೆ.

ಮೊದಲು ನಾವು ಏನು ಮಾಡುತ್ತೇವೆ ಕೇಳು. ವಸ್ತುವನ್ನು ಗ್ರಾಹಕರ ಕೈಗೆ ಕೊಡುತ್ತೇವೆ. ಕೈಗೆ ಬಂದದ್ದು ಅರ್ಧ ಮನೆಗೆ ಬಂದ ಹಾಗೆ. ನಮ್ಮದು ಕೈಗೆ ಕೊಡುವಂಥದ್ದಲ್ಲ, ಅದಕ್ಕೇ ಮಲಗಿಸುತ್ತೇವೆ. ಮಲಗಿದವನು ಜಗಳಕ್ಕೆ ನಿಲ್ಲುವುದಿಲ್ಲ. ಆಮೇಲೆ "ಇದೊಂದೇ ಪೀಸು ಉಳಿದಿರೋದು" ಎನ್ನುತ್ತೇವೆ. ಒಂದೇ ಪೀಸು ಎನ್ನುವುದು ನಿಜವೇ, ಗೋಡೌನಿನಲ್ಲಿರುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಕೊನೆಯಲ್ಲಿ "ಯಾವ ಬಣ್ಣ ಪ್ಯಾಕ್ ಮಾಡ್ಲಿ?" ಎಂದು ಕೇಳುತ್ತೇವೆ. ಬೇಕೋ ಬೇಡವೋ ಎಂದು ಯಾವ ಕಾಲಕ್ಕೂ ಕೇಳುವುದಿಲ್ಲ.

ತಪ್ಪಿಸಿಕೊಳ್ಳುವುದು ಸುಲಭ. ಗ್ರಾಹಕರು ನಮಗೆ ಹೇಳುವುದನ್ನೇ ನೀನೂ ಹೇಳು. "ಮನೇಲಿ ಒಂದು ಮಾತು ಕೇಳಿ ಬರ್ತೀನಿ." "ಇನ್ನೊಂದು ರೌಂಡ್ ನೋಡ್ಕೊಂಡು ಬರ್ತೀನಿ." ಎಲ್ಲಕ್ಕಿಂತ ಗಟ್ಟಿಯಾದದ್ದು "ಯೋಚನೆ ಮಾಡಿ ಬರ್ತೀವಿ." ಇದಕ್ಕೆ ನಮ್ಮ ಹತ್ತಿರ ಮದ್ದಿಲ್ಲ. ಇದನ್ನು ಕೇಳಿದ ತಕ್ಷಣ ನಾವು ದಿಂಬು ಸರಿಪಡಿಸಲು ಶುರು ಮಾಡುತ್ತೇವೆ. ಕನ್ನಡಿಯ ಮುಂದೆ ನಿಂತು ದಿನಕ್ಕೆ ಹತ್ತು ಸಲ ಹೇಳಿ ಅಭ್ಯಾಸ ಮಾಡು.

ನಿನ್ನನ್ನು ಮರುಳು ಮಾಡುತ್ತಾರೆಂದರೆ ನನಗೆ ಆಶ್ಚರ್ಯ. ಚಿಕ್ಕವಳಿದ್ದಾಗ ಮಿಠಾಯಿ ತೋರಿಸಿದರೂ ಮರುಳಾಗದ ಮಗು ನೀನು. ವಯಸ್ಸಿನ ಆಸೆ ಇರಬಹುದು. ಸ್ವಲ್ಪ ಬಿಗಿ ಹಿಡಿ.

ಶುಲ್ಕದ ಸಾಲು ಕರಗಿತೇ?

ಅಪ್ಪ

ಆಗಸ್ಟ್ ೨

ಅಪ್ಪಾ,

ಕನ್ನಡಿಯ ಮುಂದೆ ಹೇಳಿದೆ. ಚೆನ್ನಾಗಿ ಬಂತು. ಕನ್ನಡಿ ಬೇಜಾರು ಮಾಡಿಕೊಳ್ಳುವುದಿಲ್ಲವಲ್ಲ.

ಆಮೇಲೆ ನಿಜವಾದ ಅಂಗಡಿಗೆ ಹೋದೆ. ಕೈಚೀಲ ಮಾರುವ ಹೆಂಗಸು, ಬಾಗಿಲ ಹತ್ತಿರದ ಪುಟ್ಟ ಮಳಿಗೆ. ಒಂದನ್ನು ಎತ್ತಿಕೊಂಡು, ತಿರುಗಿಸಿ ನೋಡಿ, ಇಟ್ಟು, "ಯೋಚನೆ ಮಾಡಿ ಬರ್ತೀನಿ" ಎಂದೆ. ಅವರು "ಆಯ್ತಮ್ಮ" ಎಂದರು. ಅಷ್ಟೇ. ಬೈದಿದ್ದರೆ ಬಚಾವಾಗುತ್ತಿದ್ದೆ. "ಆಯ್ತಮ್ಮ" ಎಂದು ಆ ಚೀಲವನ್ನು ಎತ್ತಿ ಮೊಳೆಗೆ ತೂಗುಹಾಕಿ, ಅದರ ಧೂಳು ಒರೆಸಿದರು. ಧೂಳೇ ಇರಲಿಲ್ಲ ಅದರ ಮೇಲೆ. ನಾನು ಬೀದಿಯ ಮೂಲೆಯವರೆಗೆ ನಡೆದೆ, ಅಲ್ಲಿಂದ ವಾಪಸ್ ಬಂದು ಎರಡು ಕೊಂಡೆ. "ಎಷ್ಟು ಬೇಗ ಯೋಚನೆ ಮಾಡಿದ್ರಿ!" ಎಂದು ನಕ್ಕರು.

ಇನ್ನು ಒಂದು ಸಣ್ಣ ವಿಷಯ. ಬಲಗಿವಿಗೆ ಕೇಳುವ ಯಂತ್ರ ಹಾಕಿಸಿಕೊಂಡಿದ್ದೇನೆ, ಕಂತಿನಲ್ಲಿ. ಏನೂ ಗಾಬರಿಯಿಲ್ಲ. ಅದನ್ನು ಹಾಕಿಕೊಂಡರೆ ಮೂರನೆಯ ಮಹಡಿಯಲ್ಲಿ ಚಮಚ ಬಿದ್ದರೂ ಕೇಳಿಸುತ್ತದೆ. ಡಾಕ್ಟರಮ್ಮ ಪುಟ ತಿರುಗಿಸಿದರೆ ಬೆಚ್ಚಿಬೀಳುತ್ತೇನೆ. ಅಮ್ಮನಿಗೆ ಹೇಳಬೇಡ.

ನಿನ್ನ ಪೋರಿ

ಆಗಸ್ಟ್ ೧೧

ಮಗಳೇ,

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಿವಿಗೂ ಅಕ್ಷರಕ್ಕೂ ಏನು ಸಂಬಂಧ ಎಂದು ಮಿಕ್ಸಿ ರಿಪೇರಿಯವರು ಕೇಳಿದರು, ಆದರೂ ಕೈ ಕೇಳುತ್ತಿಲ್ಲ.

ಯಾವಾಗಿನಿಂದ ಹೀಗೆ? ಚಿಕ್ಕವಳಿದ್ದಾಗ ಊಟಕ್ಕೆ ಕರೆದರೆ ಬರುತ್ತಿರಲಿಲ್ಲ. ಹಟ ಎಂದುಕೊಂಡು ಬೈಯುತ್ತಿದ್ದೆ. ಗಣಿತದ ಮೇಷ್ಟ್ರು "ಇವಳು ಹೇಳಿದ್ದನ್ನ ಕಿವಿಗೆ ಹಾಕ್ಕೊಳಲ್ಲ" ಎಂದು ಎಷ್ಟು ಸಲ ಹೇಳಿದರು! ನಮಗೆ ತಲೆಗೆ ಹೋಗಲಿಲ್ಲ. ನಿನಗೆ ಕೇಳಿಸುತ್ತಲೇ ಇರಲಿಲ್ಲ, ನಾವು ನಿನ್ನ ಮೇಲೆ ಕೂಗಾಡುತ್ತಿದ್ದೆವು. ಅಂಗಡಿಯವರ ಕೈಗೆ ನೀನು ಯಾಕೆ ಸಿಕ್ಕಿಬೀಳುತ್ತೀಯ ಎನ್ನುವುದೂ ಈಗ ಹೊಳೆಯಿತು. ಅವರು ಹೇಳುವ ಬೆಲೆ ನಿನಗೆ ಸರಿಯಾಗಿ ಕೇಳಿಸುತ್ತಿಲ್ಲ.

ಯಾವ ಡಾಕ್ಟರು ನೋಡಿದರು? ಎಡಗಿವಿ ಹೇಗಿದೆ? ತಕ್ಷಣ ಬರೆ. ಶೂ, ಚೀಲ, ದೀಪ ಯಾವುದರ ಬಗ್ಗೆಯೂ ನಾನು ಇನ್ನು ಒಂದು ಮಾತು ಆಡುವುದಿಲ್ಲ.

ಅಪ್ಪ

ಆಗಸ್ಟ್ ೨೭

ಮಗಳೇ,

ಎರಡು ವಾರವಾಯಿತು, ಉತ್ತರವಿಲ್ಲ. ನಿನ್ನ ಫೋನ್ ಸ್ವಿಚ್ ಆಫ್ ಎನ್ನುತ್ತದೆ. ಅಮ್ಮನಿಗೆ "ಪರೀಕ್ಷೆ ಓದ್ತಿದಾಳೆ" ಎಂದಿದ್ದೇನೆ. ಅವಳು ನನ್ನ ಮುಖವನ್ನೇ ನೋಡುತ್ತಾ "ಯಾರು ಓದ್ತಿರೋದು? ನೀವು ಯಾಕೆ ಬೆವರ್ತಿದೀರಿ?" ಎಂದಳು.

ನಾಳೆ ನಿಮ್ಮ ಕಾಲೇಜಿನ ಕಚೇರಿಗೆ ಫೋನ್ ಮಾಡುತ್ತೇನೆ. ಕಿವಿ ಕೇಳಿಸದ ಮಕ್ಕಳಿಗೆ ಮುಂದಿನ ಬೆಂಚಿನಲ್ಲಿ ಜಾಗ ಕೊಡುತ್ತಾರೋ ಏನೋ ವಿಚಾರಿಸಬೇಕು.

ಅಪ್ಪ

ಸೆಪ್ಟೆಂಬರ್ ೩

ಚಿರಂಜೀವಿಗೆ,

ಕಚೇರಿಗೆ ಫೋನ್ ಮಾಡಿದೆ. ನಿನ್ನ ಕಿವಿಯ ಬಗ್ಗೆ ಅಲ್ಲಿ ಯಾರಿಗೂ ಗೊತ್ತಿಲ್ಲ. "ಮುಂದಿನ ಬೆಂಚಿನ ವಿಷಯ ಆಮೇಲೆ, ನಿಮ್ಮ ಮಗಳ ಶುಲ್ಕವೇ ಬಂದಿಲ್ಲ. ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸೋದಿಲ್ಲ" ಎಂದರು ಗುಮಾಸ್ತರು.

ಆ ದುಡ್ಡು ಅಂಗಡಿಯಲ್ಲಿ ಮುಂಗಡ ಕೇಳಿ ಪಡೆದದ್ದು. ಚಿಕ್ಕ ಯಜಮಾನರ ಮುಂದೆ ಕೈಕಟ್ಟಿ ನಿಂತು ಕೇಳಿದ್ದೆ. ಇನ್ನೊಮ್ಮೆ ನಿಲ್ಲಲಾರೆ.

ಸಾಲು ಕರಗಲಿ ಎಂದು ಬರೆದಿದ್ದೀಯ. ನಾನು ನಿಜವೆಂದು ನಂಬಿ ಸಾಲಿನಲ್ಲಿ ನಿಂತಿರುವ ನಿನ್ನ ಕಾಲಿನ ಬಗ್ಗೆ ಯೋಚಿಸುತ್ತಿದ್ದೆ.

ಏನಾಯಿತು ಎಂದು ಬರೆ. ಸುಳ್ಳು ಬೇಡ.

ನಿನ್ನ ತಂದೆ

ಸೆಪ್ಟೆಂಬರ್ ೧೧

ಅಪ್ಪಾ,

'ನಿನ್ನ ತಂದೆ' ಎಂದು ಯಾವತ್ತೂ ಬರೆದಿರಲಿಲ್ಲ ನೀನು. ಯಾರೋ ವಕೀಲರ ನೋಟಿಸ್ ಬಂದ ಹಾಗಾಯಿತು.

ನನ್ನ ಎರಡು ಕಿವಿಯೂ ಸರಿಯಾಗಿವೆ. ಊಟಕ್ಕೆ ಕರೆದಾಗ ಬಾರದೆ ಇದ್ದದ್ದು ಹಟವೇ. ಗಣಿತದ ಮೇಷ್ಟ್ರು ಹೇಳಿದ್ದೂ ನಿಜವೇ.

ಯಂತ್ರದ ಕಥೆ ಹೀಗೆ. ಬಸ್ ನಿಲ್ದಾಣದ ಎದುರು 'ಪುಕ್ಕಟೆ ಕಿವಿ ಪರೀಕ್ಷೆ' ಎಂದು ಬೋರ್ಡು ಇತ್ತು. ಬಸ್ಸಿಗೆ ಹೊತ್ತಿತ್ತು, ಒಳಗೆ ಹೋದೆ. ಒಬ್ಬರೇ ಕೂತಿದ್ದರು, ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು. ಬೆಳಗಿನಿಂದ ಯಾರೂ ಬಂದಿರಲಿಲ್ಲ ಎಂದು ಕುರ್ಚಿಗಳನ್ನು ನೋಡಿದರೇ ತಿಳಿಯುತ್ತಿತ್ತು. ನನ್ನ ಕಿವಿಗೆ ಡಬ್ಬಿಯಂಥದ್ದು ಹಾಕಿ "ಶಬ್ದ ಕೇಳಿಸಿದ್ರೆ ಕೈ ಎತ್ತಿ" ಎಂದರು. ಪ್ರತಿಯೊಂದಕ್ಕೂ ಎತ್ತಿದೆ. ಎತ್ತಿದ ಹಾಗೆಲ್ಲ ಅವರ ಮುಖ ಸಪ್ಪಗಾಗುತ್ತಾ ಹೋಯಿತು. "ತುಂಬಾ ಚೆನ್ನಾಗಿದೆ ನಿಮ್ಮ ಕಿವಿ" ಎಂದರು, ಯಾರೋ ತೀರಿಕೊಂಡ ಸುದ್ದಿ ಹೇಳುವ ಹಾಗೆ. ಆಮೇಲೆ ಬಲಗಿವಿಗೆ ಬದಲಾಯಿಸಿದರು. ನಾನು ಸಣ್ಣ ಶಬ್ದಗಳಿಗೆ ಕೈ ಎತ್ತುವುದನ್ನು ನಿಲ್ಲಿಸಿದೆ. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ದೊಡ್ಡ ಶಬ್ದಕ್ಕೂ ನಿಲ್ಲಿಸಿ "ಕೇಳಿಸಲಿಲ್ಲ" ಎಂದೆ.

ನೀನು ವಯಸ್ಸಿನ ಆಸೆ ಎಂದು ಬರೆದಿದ್ದೆ. ಆಸೆಯಲ್ಲಪ್ಪ. ಆ ಚೀಲಗಳನ್ನು ನಾನು ಬಿಚ್ಚಿಯೂ ನೋಡಿಲ್ಲ. ಅಂಗಡಿಯವರು ನನ್ನನ್ನು ಮರುಳು ಮಾಡುವುದೂ ಇಲ್ಲ. ಅವರು ಮಾತು ಶುರು ಮಾಡುವ ಮೊದಲೇ ನಾನು ಕೊಂಡು ಆಗಿರುತ್ತದೆ.

ನೀನು ಮನೆಗೆ ಬರುವ ಹೊತ್ತಿಗೆ ನಾನು ಕಿಟಕಿಯಲ್ಲಿ ಕೂರುತ್ತಿದ್ದೆ, ನೆನಪಿದೆಯಾ? ಗೇಟಿನಲ್ಲೇ ಗೊತ್ತಾಗುತ್ತಿತ್ತು. ಹಾಸಿಗೆ ಮಾರಿಹೋದ ದಿನ ನೀನು ಗೇಟನ್ನು ಕಾಲಿನಲ್ಲಿ ಒದ್ದು ತೆಗೆಯುತ್ತಿದ್ದೆ. ಹೋಗದ ದಿನ ಎರಡು ಕೈಯಲ್ಲೂ ಮೆಲ್ಲಗೆ ತೆಗೆದು, ಮೆಲ್ಲಗೆ ಹಾಕಿ, ಚಪ್ಪಲಿಯನ್ನು ಜೋಡಿಸಿ ಇಡುತ್ತಿದ್ದೆ. ಅಮ್ಮ "ಏನಾಯ್ತು?" ಎಂದರೆ "ಯೋಚನೆ ಮಾಡಿ ಬರ್ತೀವಿ ಅಂದ್ರು" ಎನ್ನುತ್ತಿದ್ದೆ. ಅವರು ಯಾರೆಂದು ನನಗೆ ಗೊತ್ತಿರಲಿಲ್ಲ, ಆದರೆ ಅವರ ಮೇಲೆ ನನಗಿದ್ದಷ್ಟು ಸಿಟ್ಟು ಇನ್ಯಾರ ಮೇಲೂ ಇರಲಿಲ್ಲ. ದೊಡ್ಡವಳಾದ ಮೇಲೆ ಅವರ ಮನೆ ಹುಡುಕಿಕೊಂಡು ಹೋಗಿ "ಯೋಚನೆ ಮುಗೀತಾ?" ಎಂದು ಕೇಳಬೇಕೆಂದಿದ್ದೆ.

ಈಗ ಯಾವ ಅಂಗಡಿಗೆ ಹೋದರೂ ಗಲ್ಲಾದ ಹಿಂದೆ ನೀನೇ ನಿಂತಿರುತ್ತೀಯ. ಶೂ ಇಳಿಸಿದವನು ನೀನು. ಬಿಳಿ ಕೋಟು ಹಾಕಿಕೊಂಡವನೂ ನೀನೇ. ನೀನು ಕಲಿಸಿದ ಮಾತು ನನ್ನ ಬಾಯಲ್ಲಿ ಹೇಗೆ ಬರಬೇಕು?

ದುಡ್ಡು ಮುಗಿದಿದೆ. ನಿನ್ನ ಆ ದೊಡ್ಡ ಅಕ್ಷರದ ಪತ್ರ ನೋಡಿ ಅಳು ಬಂತು, ಉತ್ತರ ಬರೆಯಲು ಧೈರ್ಯ ಬರಲಿಲ್ಲ. ಕಳಿಸು ಎಂದು ಕೇಳುತ್ತಿಲ್ಲ. ಹೊಟ್ಟೆಗೆ ಹಾಕಿಕೋ ಎಂದು ಮಾತ್ರ ಕೇಳುತ್ತೇನೆ.

ಪೋರಿ

ಸೆಪ್ಟೆಂಬರ್ ೩೦

ಪೋರಿ,

ಇಷ್ಟು ದಿನ ಬರೆಯಲಿಲ್ಲ, ಸಿಟ್ಟಿನಿಂದಲ್ಲ. ಬರೆಯಲು ಕೂತಾಗಲೆಲ್ಲ ಯಾವ ಮಾತೂ ಸಾಲದೆನಿಸುತ್ತಿತ್ತು. ಜನರನ್ನು ಮಾತಿನಲ್ಲಿ ಮಲಗಿಸುವ ನನ್ನ ಪಾಡು ನೋಡು.

ನಿನ್ನ ಪತ್ರವನ್ನು ದಿಂಬಿನ ವಿಭಾಗದಲ್ಲಿ ಕೂತು ಓದಿದೆ. ಹೌದು, ದಿಂಬಿನ ವಿಭಾಗ. ಜೂನಿನಲ್ಲೇ ಚಿಕ್ಕ ಯಜಮಾನರು ನನ್ನನ್ನು ಹಾಸಿಗೆಯಿಂದ ದಿಂಬಿಗೆ ಇಳಿಸಿದರು. ಕುತ್ತಿಗೆ ನೋವು ನಿಜ, ಮೇಲೆ ನೋಡುತ್ತಿದ್ದದ್ದು ಬೇರೆಯವರ ಹೆಸರನ್ನು. ನೀನು ಸುಳ್ಳು ಹೇಳಿದೆ ಎಂದು ಗುಡುಗಿದೆನಲ್ಲ, ಅದಕ್ಕೆ ಇದನ್ನು ಹೇಳಿಬಿಡುವುದು ಮರ್ಯಾದೆ.

ಗೇಟಿನ ವಿಷಯ. ಆ ಸಪ್ಪೆ ಮುಖ ಹಾಸಿಗೆ ಮಾರಿಹೋಗದ್ದಕ್ಕಲ್ಲ ಎಂದು ಬರೆದು, ಹರಿದುಹಾಕಿದೆ. ವಕೀಲೆಯ ಮುಂದೆ ಅದು ನಿಲ್ಲುವುದಿಲ್ಲ. ಅದಕ್ಕೂ ಹೌದು. ದಿನವಿಡೀ ನಿಂತ ಕಾಲಿಗೂ ಹೌದು. ಆದರೆ ಊಟ ಮುಗಿದ ಮೇಲೆ ನನ್ನ ಮುಖ ಹೇಗಿರುತ್ತಿತ್ತು, ಅದನ್ನು ನೀನು ನೋಡಿದ್ದೀಯಾ? ಅಷ್ಟು ಹೊತ್ತಿಗೆ ನೀನು ಮಲಗಿರುತ್ತಿದ್ದೆ. ನಾನೂ ನಿನ್ನ ಅಮ್ಮನೂ ಆ ದಿನ ಬಂದ ಗ್ರಾಹಕರ ಹಾಗೆ ಮಾತಾಡಿಕೊಂಡು ನಗುತ್ತಿದ್ದೆವು. ನೀನು ಗೇಟಿನ ಭಾಗ ಮಾತ್ರ ನೋಡಿ, ನಗೆಯ ಭಾಗಕ್ಕೆ ಮೊದಲೇ ನಿದ್ದೆ ಹೋದೆ.

ಒಂದು ಜೋಡಿ ಇದ್ದಾರೆ, ಗಂಡ ಹೆಂಡತಿ, ಇಬ್ಬರಿಗೂ ತಲೆ ಬೆಳ್ಳಗೆ. ವರ್ಷಾನುಗಟ್ಟಲೆಯಿಂದ ಶನಿವಾರ ಶನಿವಾರ ಬರುತ್ತಾರೆ. ಕಿಟಕಿ ಪಕ್ಕದ ದೊಡ್ಡ ಹಾಸಿಗೆಯ ಮೇಲೆ ಮಲಗಿ, ಮನೆಯಲ್ಲಿ ಆಡಲು ಆಗದ ಜಗಳವನ್ನೆಲ್ಲ ಅಲ್ಲಿ ಆಡುತ್ತಾರೆ. ಮನೆಯಲ್ಲಿ ಸೊಸೆ ಇದ್ದಾಳಂತೆ. ಜಗಳ ಮುಗಿದ ಮೇಲೆ ಎದ್ದು, ಹೊದಿಕೆ ಸರಿಮಾಡಿ, "ಯೋಚನೆ ಮಾಡಿ ಬರ್ತೀವಿ" ಎಂದು ಹೋಗುತ್ತಾರೆ. ಇದುವರೆಗೆ ಒಂದು ದಿಂಬಿನ ಕವರೂ ಕೊಂಡಿಲ್ಲ. ಅವರು ಬಾರದ ಶನಿವಾರ ನಾನು ಬಾಗಿಲು ನೋಡುತ್ತಿರುತ್ತೇನೆ.

ನನಗೆ ಕಷ್ಟ ಕೊಡುವವರು ಯಾರು ಗೊತ್ತಾ? ನಿನ್ನಂಥವರು. ನನ್ನ ಮುಖ ನೋಡಿ ಪಾಪ ಎನಿಸಿ ಬೇಡದ ಹಾಸಿಗೆ ಕೊಳ್ಳುತ್ತಾರೆ. ಎರಡು ದಿನಕ್ಕೆ ಟೆಂಪೋದಲ್ಲಿ ಹೇರಿಕೊಂಡು ವಾಪಸ್ ತರುತ್ತಾರೆ. ಅದನ್ನು ನಾನು ಹೊತ್ತು ಒಳಗಿಡಬೇಕು, ಹಲಗೆಯಿಂದ ಅಳಿಸಬೇಕು, ಚಿಕ್ಕ ಯಜಮಾನರಿಂದ ಬೈಸಿಕೊಳ್ಳಬೇಕು. ಕೊಳ್ಳದೆ ಹೋದವರಿಂದ ನನಗೆ ಒಂದು ಸಲವೂ ಬೆನ್ನು ನೋವು ಬಂದಿಲ್ಲ.

ಶುಲ್ಕಕ್ಕೆ ದಾರಿ ನನ್ನ ಹತ್ತಿರ ಇಲ್ಲ ಮಗಳೇ. ಇದ್ದಿದ್ದರೆ ಬೈದಾದರೂ ಕಳಿಸುತ್ತಿದ್ದೆ. ಏನು ಮಾಡುತ್ತೀಯೋ ಬರೆ.

ಅಪ್ಪ

ಅಕ್ಟೋಬರ್ ೧೯

ಅಪ್ಪಾ,

ಶುಲ್ಕ ಕಟ್ಟಿದೆ! ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದು.

ನಿನ್ನ ಪತ್ರವನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. ಕೇಳಿ ಮುಗಿಸಿ ಎದ್ದು ನಿಂತು, ಕೋಣೆಯನ್ನು ಒಂದು ಸುತ್ತು ನೋಡಿ, "ಒಂದೊಂದೇ ಕೀಳೋಣ" ಎಂದಳು. ಕಪಾಟಿನ ಹಿಂದೆ, ಮಂಚದ ಕೆಳಗೆ, ಕಿಟಕಿಯ ಮೇಲೆ ಎಲ್ಲ ಕಡೆ ಕೈಹಾಕಿ ಎಳೆದಳು. ನನಗೇ ನೆನಪಿಲ್ಲದ ವಸ್ತುಗಳು ಹೊರಗೆ ಬಂದವು. ಒಂದು ಡೇರೆ, ಇಬ್ಬರು ಮಲಗುವಂಥದ್ದು. ಕೂದಲು ನೆಟ್ಟಗೆ ಮಾಡುವ ಯಂತ್ರ, ಅದರ ಪಕ್ಕದಲ್ಲೇ ಕೂದಲು ಗುಂಗುರು ಮಾಡುವ ಯಂತ್ರ. ವಾರ್ಡನ್ ಮೇಡಂ ಅನುಮತಿ ಕೊಟ್ಟರು, ಕೊಟ್ಟು ತಾವೇ ಮೊದಲು ಬಂದು ಎರಡು ದೀಪ ತೆಗೆದುಕೊಂಡು ಹೋದರು. ಹಾಸ್ಟೆಲ್ಲಿನ ಜಗಲಿಯ ಮೇಲೆ ಬೆಡ್‌ಶೀಟ್ ಹಾಸಿ ಅಂಗಡಿ ಇಟ್ಟೆವು.

ಆಮೇಲೆ ಬಂದ ಹುಡುಗಿ ಕೈಚೀಲವನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನ ಮುಖಕ್ಕೇ ಹೇಳಿದಳು: "ಯೋಚನೆ ಮಾಡಿ ಬರ್ತೀನಿ." ಎದ್ದು ಅವಳ ಹಿಂದೆ ಓಡಬೇಕೆನಿಸಿತು. ಎರಡನೆಯವಳು ಹೇಳಿದಾಗ ಸಿಟ್ಟು ಬಂತು. ಮಧ್ಯಾಹ್ನದ ಹೊತ್ತಿಗೆ ಯಾರು ಹೇಳಿದರೂ "ಆಯ್ತು, ಬನ್ನಿ" ಎಂದು ಚೀಲದ ಧೂಳು ಒರೆಸುತ್ತಿದ್ದೆ. ಧೂಳು ಇರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕು, ಅಷ್ಟೇ. ಆ ಹೆಂಗಸೂ ಅಷ್ಟಕ್ಕೇ ಒರೆಸಿದ್ದಿರಬೇಕು. ನಾನು ಅದಕ್ಕೆ ಎರಡು ಚೀಲ ಕೊಂಡೆ.

ಸಂಜೆ ಮೊದಲ ವರ್ಷದ ಒಬ್ಬಳು ಬಂದಳು, ಸಣ್ಣ ಧ್ವನಿಯವಳು. ನಾನು ಡೇರೆಯನ್ನು ಬಿಚ್ಚಿ, ಕಡ್ಡಿ ಸಿಕ್ಕಿಸಿ, ನಿಲ್ಲಿಸಿ, ಬೆವರಿ ತೋರಿಸಿದೆ. ಅವಳು ಒಮ್ಮೆ ಡೇರೆ ನೋಡಿದಳು, ಒಮ್ಮೆ ನನ್ನ ಬೆವರು ನೋಡಿದಳು, ದುಡ್ಡು ತೆಗೆದು "ಕೊಡಿ ಅಕ್ಕ, ತಗೋತೀನಿ" ಎಂದಳು.

"ಎಲ್ಲಿಗೆ ಹೋಗ್ತೀಯ ಇದನ್ನ ತಗೊಂಡು?" ಎಂದೆ.

"ಎಲ್ಲಿಗೂ ಇಲ್ಲ. ನೀವು ಅಷ್ಟು ಕಷ್ಟಪಟ್ಟು ಬಿಚ್ಚಿದ್ರಲ್ಲ..."

ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದಳು. ಆ ಹುಡುಗಿಯ ಕೈಯಲ್ಲಿದ್ದ ದುಡ್ಡಿನಿಂದ ಶುಲ್ಕದ ಬಹುಪಾಲು ಆಗಿಬಿಡುತ್ತಿತ್ತು. ಒಂದು ಕ್ಷಣ ತೆಗೆದುಕೊಂಡೂ ಬಿಟ್ಟಿದ್ದೆ. ಅವಳು ಡೇರೆಯ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ ಅವಳ ಬೆನ್ನು ನೋಡಲಾಗಲಿಲ್ಲ. ಓಡಿಹೋಗಿ ಮೂಟೆ ಕಿತ್ತುಕೊಂಡು ದುಡ್ಡು ಅವಳ ಕೈಗೆ ತುರುಕಿದೆ. "ನಿನಗೆ ಇದು ಬೇಡ. ನನಗೆ ಏನೂ ಬೇಜಾರಿಲ್ಲ. ನಿಜವಾಗ್ಲೂ ಇಲ್ಲ" ಎಂದು ಜೋರಾಗಿ ಹೇಳಿದೆ. ಅವಳು ಹೆದರಿ ಓಡಿದಳು. ಹೇಳಿದ ಮೇಲೆ ನೋಡಿಕೊಂಡೆ, ನಿಜವಾಗಿಯೂ ಬೇಜಾರಿರಲಿಲ್ಲ ಅಪ್ಪ. ಬದಲಿಗೆ ಹಸಿವಾಗಿತ್ತು.

ಮರುದಿನ ಕಿವಿಯ ಯಂತ್ರ ಹಿಡಿದು ಬಸ್ ನಿಲ್ದಾಣದ ಎದುರಿಗೆ ಹೋದೆ. ಬಿಳಿ ಕೋಟಿನವರ ಮುಂದೆ ಕೂತು, ಕಣ್ಣು ಮುಚ್ಚಿ, "ಸರ್, ನನಗೆ ಎಲ್ಲ ಕೇಳಿಸುತ್ತೆ" ಎಂದೆ.

"ಗೊತ್ತಮ್ಮ" ಎಂದರು. "ನಾನು ಶಬ್ದ ಹಾಕೋ ಮುಂಚೇನೇ ನೀವು ಕೇಳಿಸಲಿಲ್ಲ ಅಂದ್ರಿ."

"ಮತ್ತೆ ಯಾಕೆ ಕೊಟ್ರಿ?"

"ನೀವು ಅಷ್ಟೊಂದು ಆಸೆಯಿಂದ ಕೂತಿದ್ರಿ. ಇಲ್ಲ ಅಂದ್ರೆ ಬೇಜಾರು ಮಾಡ್ಕೋತೀರೇನೋ ಅಂತ."

ನಾನು ಯಂತ್ರವನ್ನು ಅವರ ಮೇಜಿನ ಮೇಲಿಟ್ಟೆ. ಆಮೇಲೆ ಅವರೇ ನಕ್ಕರು. ನಕ್ಕು ನಕ್ಕು ಕೋಟಿನ ತುದಿಯಲ್ಲಿ ಕಣ್ಣು ಒರೆಸಿಕೊಂಡರು. ನಾನು ಕಟ್ಟಿದ್ದ ಕಂತಿನಲ್ಲಿ ಬಳಸಿದ್ದಕ್ಕೆಂದು ಸ್ವಲ್ಪ ಹಿಡಿದುಕೊಂಡು ಉಳಿದದ್ದನ್ನು ವಾಪಸ್ ಕೊಟ್ಟರು. ಅಲ್ಲಿಂದ ನೇರವಾಗಿ ಕಚೇರಿಗೆ ಹೋದೆ. ಸಾಲೇ ಇರಲಿಲ್ಲ. ಯಾವತ್ತೂ ಇರುತ್ತಿರಲಿಲ್ಲವಂತೆ.

ಶೂ ಮಾರಾಟವಾಗಲಿಲ್ಲ. ಹಾಸ್ಟೆಲ್ಲಿನಲ್ಲಿ ಅಷ್ಟು ಚಿಕ್ಕ ಪಾದ ಯಾರದೂ ಇಲ್ಲ. ವ್ಯಾಯಾಮ ಶಾಲೆಯ ದುಡ್ಡು ಮುಳುಗಿತು. ಮತ್ತೆ ಕಚೇರಿಯಿಂದ ಬರುವಾಗ ಒಂದು ಛತ್ರಿ ಕೊಂಡೆ. ಮಳೆ ಬರುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಡಾಕ್ಟರಮ್ಮ ಹಿಡಿದಿದ್ದಾಳೆ.

ನಿನ್ನ ಪೋರಿ

ನವೆಂಬರ್ ೧

ಪೋರಿ,

ನಿನ್ನ ಪತ್ರವನ್ನು ಮಿಕ್ಸಿ ರಿಪೇರಿಯವರಿಗೆ ಎರಡು ಸಲ ಓದಿ ಹೇಳಿದೆ. ಬಿಳಿ ಕೋಟಿನವರ ಭಾಗ ಬಂದಾಗ ಇಬ್ಬರೂ ದಿಂಬಿನ ರಾಶಿಯ ಮೇಲೆ ಬಿದ್ದು ನಕ್ಕೆವು. ಚಿಕ್ಕ ಯಜಮಾನರು ಬಂದು "ಏನ್ ನಡೀತಿದೆ ಇಲ್ಲಿ?" ಎಂದರು. "ದಿಂಬು ಗಟ್ಟಿ ಇದೆಯಾ ನೋಡ್ತಿದೀವಿ" ಎಂದೆ.

ನಿನಗೆ ಇದು ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದೆ. ಭಾನುವಾರ ಗೊತ್ತಾಯಿತು.

ಮನೆಯ ಬಾಗಿಲಿಗೆ ಒಬ್ಬರು ಬಂದರು. ಹೆಚ್ಚುಕಡಿಮೆ ನನ್ನ ವಯಸ್ಸು, ಕತ್ತಿಗೆ ಟೈ, ಹೆಗಲ ಮೇಲೆ ನೆಲ ಒರೆಸುವ ಕೋಲು. ಕೋಲೆಂದರೆ ಬರೀ ಕೋಲಲ್ಲ, ಒತ್ತಿದರೆ ಅದೇ ನೀರು ಚಿಮುಕಿಸುತ್ತದೆ, ಅದೇ ಹಿಂಡಿಕೊಳ್ಳುತ್ತದೆ. ನನಗೆ ಒಳಗೊಳಗೇ ಖುಷಿ. ಎದುರಿಗೆ ಯಾರು ಕೂತಿದ್ದಾರೆಂದು ಪಾಪ ಇವನಿಗೆ ಗೊತ್ತಿಲ್ಲ ಎಂದುಕೊಂಡೆ. ಅವರು ಕೋಲನ್ನು ನನ್ನ ಕೈಗೆ ಕೊಟ್ಟರು. "ಕೈಗೆ ಬಂದದ್ದು ಅರ್ಧ ಮನೆಗೆ ಬಂದ ಹಾಗೆ, ಅಲ್ವಾ?" ಎಂದೆ. ಬೆಚ್ಚಿದರು. "ಈಗ ಒಂದೇ ಪೀಸು ಉಳಿದಿದೆ ಅಂತೀರಿ" ಎಂದೆ. "ನೀವೂ ನಮ್ಮ ಲೈನಾ ಸಾರ್?" ಎಂದು ಹಲ್ಲು ಬಿಟ್ಟರು. ಆಮೇಲೆ ಅವರು ಒಂದು ಮಾತು ಶುರು ಮಾಡಿದರೆ ಮುಗಿಸುವವನು ನಾನು. ಅವರಿಗೆ ಗೊತ್ತಿಲ್ಲದ ಎರಡು ಮಾತನ್ನೂ ಸೇರಿಸಿದೆ. ಕೂತಲ್ಲೇ ನೆಲ ಒರೆಸಿ ತೋರಿಸಿದೆ. ಕೊನೆಗೆ "ಯಾವ ಬಣ್ಣ ಪ್ಯಾಕ್ ಮಾಡ್ಲಿ?" ಎಂದು ಕೇಳಿದವನು ನಾನು, "ನೀಲಿ" ಎಂದು ಉತ್ತರ ಕೊಟ್ಟವನೂ ನಾನೇ. ಅವರು ಬಾಯಿ ಬಿಟ್ಟುಕೊಂಡು ದುಡ್ಡು ಎಣಿಸಿಕೊಂಡರು. ಇಷ್ಟು ವರ್ಷದಲ್ಲಿ ನಾನು ಮಾಡಿದ ಅತಿ ಸಲೀಸಾದ ವ್ಯಾಪಾರ ಅದು. ನನಗೆ ನಾನೇ ಮಾರಿಕೊಂಡೆ.

ನಿಜ ಹೇಳಲಾ? ಅವರ ಟೈ ಒದ್ದೆಯಾಗಿತ್ತು, ಬೆವರಿಗೆ. ಅದನ್ನು ನಾನು ಬಾಗಿಲು ತೆಗೆದಾಗಲೇ ನೋಡಿದ್ದೆ.

ಅಷ್ಟರಲ್ಲಿ ನಿನ್ನ ಅಮ್ಮ ಒಳಗಿನಿಂದ ಬಂದಳು. ನನ್ನ ಕೈಯಲ್ಲಿ ನೀಲಿ ಕೋಲು. "ಏನದು?" ಎಂದಳು. "ನೆಲ..." ಎಂದೆ. ಅವಳು ಕೋಲನ್ನು ತೆಗೆದುಕೊಂಡು ಅವರ ಕಡೆ ಚಾಚಿ "ಬೇಡ" ಎಂದಳು.

ಅಷ್ಟೇ, ಪೋರಿ. ಮನೇಲಿ ಕೇಳಿ ಬರ್ತೀನಿ ಎನ್ನಲಿಲ್ಲ, ಯೋಚನೆ ಮಾಡ್ತೀನಿ ಎನ್ನಲಿಲ್ಲ, ಕಣ್ಣು ಕೆಕ್ಕರಿಸಲೂ ಇಲ್ಲ. ಅವರು "ಆಯ್ತಮ್ಮ" ಎಂದು ದುಡ್ಡು ವಾಪಸ್ ಕೊಟ್ಟರು. ಅವಳು "ಬಿಸಿಲಲ್ಲಿ ಬಂದಿದೀರಿ, ಕೂತ್ಕೊಳಿ" ಎಂದು ಟೀ ತಂದಿಟ್ಟಳು. ಅವರು ಟೈ ಸಡಿಲ ಮಾಡಿ, ಕಾಲು ನೀಡಿ ಕೂತು, ಟೀ ಕುಡಿಯುತ್ತಾ ತಮ್ಮ ಸೊಂಟ ನೋವಿನ ವಿಷಯವನ್ನೆಲ್ಲ ಅವಳ ಹತ್ತಿರ ಹೇಳಿಕೊಂಡರು. ಅವರು ಹೋಗುವಾಗ ಅವಳಿಗೆ ಕೈಮುಗಿದರು. ನನ್ನ ಕಡೆ ನೋಡಲೂ ಇಲ್ಲ.

ಆಮೇಲೆ ನಾನು ನಮ್ಮಿಬ್ಬರ ಎಲ್ಲ ವಿಷಯವನ್ನೂ ಅವಳಿಗೆ ಹೇಳಿಬಿಟ್ಟೆ. ದೀಪದಿಂದ ದಿಂಬಿನವರೆಗೆ, ಒಂದನ್ನೂ ಬಿಡದೆ. ಬೈಗುಳ ಕಾಯುತ್ತಾ ತಲೆ ಬಗ್ಗಿಸಿ ಕೂತೆ. ಅವಳು ಟೀ ಲೋಟ ತೊಳೆದಿಟ್ಟು ಬಂದು, ಒಂದೇ ಮಾತು ಕೇಳಿದಳು:

"ಅವಳ ರಜ ಯಾವಾಗ ಶುರು?"

ಬೇಗ ಬಾ ಮಗಳೇ. ನಮ್ಮಿಬ್ಬರಿಗೂ ಪಾಠ ಇದೆಯಂತೆ, ಬೆಳಗ್ಗೆ ತಿಂಡಿಗೆ ಮುಂಚೆ. ಒಬ್ಬನೇ ಕೂರಲು ನನಗೆ ಧೈರ್ಯವಿಲ್ಲ.

ಅಪ್ಪ